ಆತಂಕಕ್ಕೆ ಮಾತಿನ ಚಿಕಿತ್ಸೆ: ದೀರ್ಘಕಾಲ ಮುಂದುವರಿಸುವ ಬಗೆ

ಆತಂಕಕ್ಕಾಗಿ ದೀರ್ಘಕಾಲದ ಮಾತಿನ ಚಿಕಿತ್ಸೆ ಪಡೆಯಲು ಹೊರಟವರು ಮೊದಲು ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದರ ಏರುಪೇರಿನಿಂದಲೂ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಬಳಿಕ ಈ ಚಿಕಿತ್ಸೆ ನೀಡುವ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರಲ್ಲಿ (ಮನಶ್ಶಾಸ್ತ್ರಜ್ಞರಲ್ಲಿ) ಸಾಧ್ಯವಾದಷ್ಟೂ ನಿಮ್ಮ ಮನೆಮಾತು ಬಲ್ಲವರನ್ನೇ ಆರಿಸಿಕೊಳ್ಳಿ. ‘ಜೀವ ಬಾಯಿಗೆ ಬಂದಂತಾಯಿತು’ ಎಂಬುದನ್ನು ಬೇರೆ ಭಾಷೆಯಲ್ಲಿ ಹೇಳುವಾಗ ಅರ್ಧ ಅರ್ಥ ಸೋರಿಹೋಗುತ್ತದೆ.

ವಾರಕ್ಕೊಮ್ಮೆ, ಸುಮಾರು 45ರಿಂದ 50 ನಿಮಿಷ, ಒಂದೇ ದಿನ ಒಂದೇ ಹೊತ್ತಿಗೆ ಭೇಟಿ ಇಟ್ಟುಕೊಳ್ಳಿ. ನಡುವಿನ ದಿನಗಳಲ್ಲಿ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡಿ: ‘ಮಂಗಳವಾರ ರಾತ್ರಿ ಹತ್ತು ಗಂಟೆ, ಮಗಳು ಫೋನ್ ಎತ್ತಲಿಲ್ಲ, ಅಪಘಾತವಾಗಿದೆ ಎನಿಸಿತು, ಏಳು ಸಲ ಕರೆ ಮಾಡಿದೆ.’ ‘ಈ ವಾರ ತುಂಬ ಕಷ್ಟವಾಯಿತು’ ಎಂಬ ಮಾತಿಗಿಂತ ಇಂಥ ಟಿಪ್ಪಣಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಘಟನೆ, ಯೋಚನೆ ಮತ್ತು ವರ್ತನೆಯನ್ನು ಬಿಡಿಬಿಡಿಯಾಗಿ ನೋಡಲು ಅದು ಅವಕಾಶ ಕೊಡುತ್ತದೆ. ಎಂಟನೆಯ ಕರೆ ಮಾಡದೆ ಹತ್ತು ನಿಮಿಷ ಕಾಯುವ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಬಹುದು.

ಕೆಲವು ತಿಂಗಳ ನಂತರ ಹೋಗಲು ಮನಸ್ಸಾಗದ ವಾರಗಳೂ ಬರುತ್ತವೆ. ಚಿಕಿತ್ಸಕರ ಮಾತಿನಿಂದ ಬೇಸರವಾಗಿದ್ದರೆ ಸದ್ದಿಲ್ಲದೆ ಬಿಟ್ಟುಬಿಡಬೇಡಿ, ದಯವಿಟ್ಟು ಅದನ್ನೇ ಅವರೆದುರು ಹೇಳಿ. ಭೇಟಿಗಳ ನಡುವೆ ತಾಳಲಾಗದಷ್ಟು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.