ಹತ್ತನೇತ್ತಕ್ಕೆ (ಹತ್ತನೇ ತರಗತಿಗೆ) ನಿಂತ ಹುಡುಗರ ಬೆನ್ನು ಹತ್ತಿ: ಹುಬ್ಬಳ್ಳಿಯಲ್ಲಿ ನನ್ನ ಅನುಭವ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮನೆಮನೆಗೆ ಹೋಗಿ ಹರೆಯದ ಹುಡುಗ-ಹುಡುಗಿಯರನ್ನು ಕಾಣುವುದು ನನ್ನ ಕೆಲಸ. ಶಾಲೆ, ಕಾಲೇಜು, ತರಬೇತಿ, ನೌಕರಿ, ಯಾವುದರ ಹಾಜರಿಯಲ್ಲೂ ಹೆಸರಿಲ್ಲದವರನ್ನು ಹುಡುಕಿ ಎಲ್ಲಾದರೂ ಒಂದು ಕಡೆ ಸೇರಿಸಬೇಕು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 8.6 ಎಂಬುದು ಇವರ ಬಗ್ಗೆಯೇ ಇದೆ. ಇಂಥವರ ಪ್ರಮಾಣವನ್ನು 2020ರೊಳಗೆ ಗಣನೀಯವಾಗಿ ಇಳಿಸಬೇಕೆಂದಿತ್ತು. ಅದೇ ವರ್ಷ ಕೋವಿಡ್ ಬಂದು ಶಾಲೆಗಳ ಬಾಗಿಲೇ ಮುಚ್ಚಿದವು.

‘ಏನ್ ಮಾಡ್ತೀಯವಾ?’ ಅಂದರೆ ಹುಡುಗಿಯರು ‘ಏನಿಲ್ರಿ, ಮನ್ಯಾಗ ಇರ್ತೀನಿ’ ಅಂದುಬಿಡುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ನಾನು ‘ನಿನ್ನೆ ಮುಂಜಾನೆ ಎದ್ದಾಗಿಂದ ಏನೇನ್ ಮಾಡಿದಿ, ಹೇಳು’ ಅಂತ ಕೂರುತ್ತೇನೆ. ಹಾಗೆ ಕೇಳಿದಾಗ ಒಬ್ಬಳು ಹೇಳಿದ್ದು: ನಸುಕಿನಾಗ ಎದ್ದು ಅವ್ವನ ಜೋಡಿ ರೊಟ್ಟಿ ಬಡಿಯೋದು, ಖಡಕ್ ಆದವನ್ನು ಎಣಿಸಿ ಕಟ್ಟೋದು, ಖಾನಾವಳಿಯವರು ಬಂದಾಗ ಲೆಕ್ಕ ಬರೆಯೋದು. ಲೆಕ್ಕದ ನೋಟ್‌ಬುಕ್ ತರಿಸಿ ನೋಡಿದೆ. ಎಡಗಡೆ ಕೊಟ್ಟ ರೊಟ್ಟಿ, ಬಲಗಡೆ ಬಂದ ಹಣ, ಕೆಳಗೆ ಕೆಂಪು ಪೆನ್ನಿನಲ್ಲಿ ಬಾಕಿ. ಒಂದು ಕಡೆಯೂ ತಪ್ಪಿಲ್ಲ. ಇವಳು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವಳು! ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡೇ ಪರೀಕ್ಷೆಯ ಮಾತು ತೆಗೆದೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫೇಲಾದ ವಿಷಯ ಬರೆದರೆ ಸಾಕು. ಇದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ.

ಓದುವ ಮನಸ್ಸಿಲ್ಲ, ದುಡಿಯುವ ಮನಸ್ಸಿಲ್ಲ ಅಂತ ಈ ಮಕ್ಕಳನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಕಂಡಂತೆ ಮನಸ್ಸಿಗಿಂತ ಮೊದಲು ಅಡ್ಡ ಬರುವುದು ಕಾಗದ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದುಮುಂದು. ಟಿಸಿ ಹಳೇ ಶಾಲೆಯಲ್ಲೇ ಉಳಿದಿರುತ್ತದೆ. ಓಟಿಪಿ ಹೋಗುವುದು ಯಾವತ್ತೋ ಬಂದ್ ಆದ ಅಪ್ಪನ ನಂಬರಿಗೆ. ಆನ್‌ಲೈನ್ ಅರ್ಜಿ ಅಲ್ಲೇ ನಿಂತುಬಿಡುತ್ತದೆ, ಕೊನೆ ದಿನಾಂಕ ದಾಟುತ್ತದೆ. ಹಾಗಾಗಿ ಕೋರ್ಸಿನ ಮಾತಿಗಿಂತ ಮೊದಲು ಮನೆಯಲ್ಲಿರುವ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರ ತಾಳೆ ನೋಡುತ್ತೇವೆ. ಮೊಬೈಲ್ ನಂಬರ್ ಬದಲಿಸುವುದು ಮೊದಲ ಕೆಲಸ. ಅರ್ಜಿ ಕರೆಯುವ ತಿಂಗಳಿಗಿಂತ ಬಹಳ ಮೊದಲೇ ಇದನ್ನು ಮುಗಿಸಿಕೊಳ್ಳಬೇಕು.

ಹುಡುಗರ ಕಥೆ ಬೇರೆ. ಅವರು ಪೇಂಟಿಂಗ್, ಗೌಂಡಿ ಕೆಲಸ, ಅಂಗಡಿ ಅಂತ ಸಿಕ್ಕಿದ್ದಕ್ಕೆ ಹೋಗುತ್ತಾರೆ, ವಾರದಲ್ಲಿ ಅರ್ಧದಷ್ಟು ದಿನ ಕೆಲಸ ಇರುವುದಿಲ್ಲ. ಎಂಟನೇತ್ತ ಪಾಸಾಗಿದ್ದರೂ ಐಟಿಐನಲ್ಲಿ ವೆಲ್ಡರ್, ವೈರ್‌ಮನ್ ಸೇರಬಹುದು. ವೆಲ್ಡರ್ ಒಂದು ವರ್ಷ, ವೈರ್‌ಮನ್ ಎರಡು. ‘ದಿನಾ ನಾಕು ರೊಕ್ಕ ತರ್ತಾನ್ರಿ, ವರ್ಷಗಟ್ಲೆ ಕುಂದ್ರಸ್ಲೇನು?’ ಅಂತ ಅಪ್ಪ ಕೇಳುವುದರಲ್ಲಿ ನ್ಯಾಯವಿದೆ. ಬಾಡಿಗೆ ಕಟ್ಟಬೇಕಲ್ಲ. ನಾನು ವಾದ ಮಾಡುವುದಿಲ್ಲ, ಅಪ್ಪ-ಮಗ ಇಬ್ಬರನ್ನೂ ಗೋಕುಲ ರೋಡಿನ ವರ್ಕ್‌ಶಾಪಿಗೆ ಕರೆದೊಯ್ಯುತ್ತೇನೆ. ಕಲಿತ ವೆಲ್ಡರ್ ಎಷ್ಟು ದುಡಿಯುತ್ತಾನೆ, ಹೆಲ್ಪರ್ ಎಷ್ಟು ಅನ್ನುವುದನ್ನು ಅಲ್ಲಿನವರ ಬಾಯಿಂದಲೇ ಕೇಳಿದ ಅಪ್ಪಂದಿರು ಬಸ್ಸಿನಲ್ಲಿ ವಾಪಸ್ ಬರುವಾಗ ಫೀಸಿನ ವಿಚಾರ ಕೇಳತೊಡಗುತ್ತಾರೆ.

2024ರ ಜನವರಿಯಲ್ಲಿ ಶುರುವಾದ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಒಳ್ಳೆಯದೇ. ಆದರೆ ಹತ್ತನೇತ್ತಕ್ಕೆ ನಿಂತ ನಮ್ಮ ಹುಡುಗರು ಅದರೊಳಗೆ ಬರುವುದಿಲ್ಲ. ಕಲಿಯುವ ಕಾಲಕ್ಕೆ ಮನೆ ನಡೆಸಲು ಒಂದಿಷ್ಟು ಹಣ ಹೆಚ್ಚು ಬೇಕಾಗಿರುವುದು ಇವರಿಗೇ.

ಸೇರಿಸಿದ ಮೇಲಿನ ಮೊದಲ ತಿಂಗಳೇ ಕಠಿಣ, ಬಿಡುವವರು ಆಗಲೇ ಬಿಡುತ್ತಾರೆ. ಶನಿವಾರ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ‘ಹೆಂಗ್ ನಡದೈತಿ’ ಅಂದರೆ ‘ಚಲೋ ಐತ್ರಿ’ ಅನ್ನುತ್ತಾರೆ, ಅದಕ್ಕೇ ಊಟ ಎಲ್ಲಿ ಮಾಡಿದೆ, ಎಷ್ಟಕ್ಕೆ ಮನೆ ಮುಟ್ಟಿದೆ ಅಂತ ಕೇಳುತ್ತೇನೆ. ಊರ ಹೊರಗಿನ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬಿಡುವ ಯೋಚನೆಯಲ್ಲಿದ್ದುದು ಹೀಗೇ ತಿಳಿಯಿತು. ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ಇರಲಿಲ್ಲ, ಆದರೆ ಪಾಳಿ ಮುಗಿಯುವ ಹೊತ್ತಿಗೆ ಬಸ್ ಹೋಗಿಬಿಡುತ್ತಿತ್ತು. ಸೂಪರ್‌ವೈಸರ್ ಜೊತೆ ಮಾತಾಡಿದೆ. ಈಗ ಮುಂಜಾನೆ ಅರ್ಧ ತಾಸು ಮೊದಲು ಹೋಗುತ್ತಾಳೆ, ಸಂಜೆ ಅರ್ಧ ತಾಸು ಮೊದಲು ಬಿಡುತ್ತಾರೆ.