ಇಂಗ್ಲಿಷ್ ಪದ ಯಾವ ಜಾತಿಯದು? ಅಕ್ಕಪಕ್ಕ ನೋಡಿ ಹೇಳಿ
ಇಂಗ್ಲಿಷ್ ಪದವನ್ನು ಬಿಡಿಯಾಗಿ ತೋರಿಸಿ ‘ಇದು ನಾಮಪದವೋ ಕ್ರಿಯಾಪದವೋ’ ಎಂದು ಮಕ್ಕಳನ್ನು ಕೇಳಬೇಡಿ. ಎಷ್ಟೋ ಪದಗಳಿಗೆ ಒಂದೇ ಉತ್ತರ ಇರುವುದಿಲ್ಲ. ‘ಐ ಡ್ರಿಂಕ್ ವಾಟರ್’ ಅಂದಾಗ ವಾಟರ್ ನಾಮಪದ. ‘ಐ ವಾಟರ್ ದ ಪ್ಲಾಂಟ್ಸ್’ ಅಂದಾಗ ನೀರು ಹಾಕುವ ಕೆಲಸ, ಅಂದರೆ ಕ್ರಿಯಾಪದ.

ಅನುಮಾನ ಬಂದರೆ ಅದೇ ವಾಕ್ಯವನ್ನು ‘ನಿನ್ನೆ’ಗೆ ತಿರುಗಿಸಿ. ಎರಡನೆಯದು ‘ವಾಟರ್ಡ್’ ಆಗುತ್ತದೆ, ಮೊದಲನೆಯದರಲ್ಲಿ ಡ್ರಿಂಕ್ ಮಾತ್ರ ‘ಡ್ರ್ಯಾಂಕ್’ ಆಗುತ್ತದೆ. ಬದಲಾದದ್ದೇ ಕ್ರಿಯಾಪದ. ‘ಪುಟ್’, ‘ಕಟ್’ ಬದಲಾಗುವುದಿಲ್ಲ. ಅಲ್ಲಿ ‘ಹಿ’ ಹಾಕಿ ನೋಡಿ, ‘ಹಿ ಪುಟ್ಸ್’ ಎಂದು ಕೊನೆಗೆ ‘ಸ್’ ಅಂಟುತ್ತದೆ.

ಹೆಚ್ಚು ಎಡವುವುದು ‘ಲಿ’ ಬಾಲದಲ್ಲಿ. ‘ಲಿ’ ಕಂಡ ಕೂಡಲೇ ಕ್ರಿಯಾವಿಶೇಷಣ ಎಂದು ಬರೆದುಬಿಡುತ್ತಾರೆ. ಬಾಲ ಕತ್ತರಿಸಿ ನೋಡಿ. ‘ಸ್ಲೋಲಿ’ಯಲ್ಲಿ ಉಳಿಯುವ ಸ್ಲೋ ಗುಣವಾಚಕ, ಹಾಗಾಗಿ ಇಡೀ ಪದ ಕ್ರಿಯಾವಿಶೇಷಣ. ‘ಫ್ರೆಂಡ್ಲಿ’ಯಲ್ಲಿ ಉಳಿಯುವ ಫ್ರೆಂಡ್ ನಾಮಪದ, ಹಾಗಾಗಿ ಇಡೀ ಪದ ಗುಣವಾಚಕ.

‘ಹಾರ್ಡ್ಲಿ’ಯನ್ನು ಮಾತ್ರ ಬೇರೆಯಾಗಿಯೇ ಕಲಿಸಿ. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಮೈಮುರಿದು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸ ಮಾಡುವುದೇ ಅಪರೂಪ.