ಎಂಟು ಮಿಲಿಸೆಕೆಂಡಿನ ಲೆಕ್ಕ: ನನ್ನ ವಿಮಾನಕ್ಕೆ ಇಂಜೆಕ್ಟರ್ ಆರಿಸಿದ ಅನುಭವ

ನಾನು ಮೊದಲು ಹಾಕಿದ್ದು 850 ಸಿಸಿ ಇಂಜೆಕ್ಟರ್‌ಗಳನ್ನು, ಅಂದರೆ ಪೂರ್ತಿ ತೆರೆದರೆ ನಿಮಿಷಕ್ಕೆ 850 ಸಿಸಿ ಪೆಟ್ರೋಲನ್ನು ಎಂಜಿನ್‌ಗೆ ಚಿಮ್ಮಿಸುವಂಥವು. ನಾಲ್ಕು. ಕಡಿಮೆ ಬೆಲೆಗೆ ಸಿಕ್ಕಿದ್ದವು, ಜೊತೆಗೆ "ವಿಮಾನ ಅಲ್ವಾ, ಸ್ವಲ್ಪ ಜಾಸ್ತಿನೇ ಇರಲಿ" ಎನ್ನುವ ಯೋಚನೆ. ಎಂಜಿನ್ ಶುರುವಾಯಿತು, ಆದರೆ ಐಡ್ಲಿಂಗ್‌ನಲ್ಲಿ ನಿಲ್ಲಲೇ ಇಲ್ಲ. ನಿಮಿಷಕ್ಕೆ 1500 ಸುತ್ತಿಗೆ ಇಳಿಯುವುದು, 2100ಕ್ಕೆ ಜಿಗಿಯುವುದು, ಮತ್ತೆ ಇಳಿಯುವುದು. ಹ್ಯಾಂಗರಿನ ತುಂಬಾ ಪೆಟ್ರೋಲ್ ವಾಸನೆ. ಎರಡು ವಾರ ಎಂಜಿನ್ ಕಂಪ್ಯೂಟರಿನ ಟೇಬಲ್, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಎನ್ನುವ ಪಟ್ಟಿ, ತಿದ್ದುತ್ತಾ ಕೂತೆ. ತಪ್ಪು ಟೇಬಲ್‌ನಲ್ಲಿ ಇರಲೇ ಇಲ್ಲ.

ನಾನಿರುವುದು ಟೆಕ್ಸಾಸ್‌ನಲ್ಲಿ. ವಿಮಾನ ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್, ಪ್ರತಿ ರಿವೆಟ್ಟೂ ನಾನೇ ಹೊಡೆದದ್ದು. ಇಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿದ ವಿಮಾನವನ್ನು ಎಕ್ಸ್‌ಪೆರಿಮೆಂಟಲ್ ಎಂದು ನೋಂದಾಯಿಸಬಹುದು, ಎಂಜಿನ್ ಯಾವುದಾದರೂ ಸರಿ. ಹೆಚ್ಚಿನವರು ವಿಮಾನಕ್ಕೆಂದೇ ಮಾಡಿದ ಲೈಕಮಿಂಗ್ ಎಂಜಿನ್ ಹಾಕುತ್ತಾರೆ. ನನಗೆ ಮಾಜ್ಡಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಮೇಲೆ ಕಣ್ಣು. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಎರಡು ತ್ರಿಕೋನದ ರೋಟರ್, ಅಷ್ಟೇ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರೂ ಹಾಕೋದನ್ನೇ ಹಾಕಿದ್ರೆ ಏನಾಗುತ್ತೆ ನಿಮಗೆ?" ಅದಕ್ಕೆ ಇವತ್ತಿಗೂ ನನ್ನ ಬಳಿ ಸರಿಯಾದ ಉತ್ತರವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನನ್ನ ಗುರಿ 180 ಹಾರ್ಸ್‌ಪವರ್. ರೋಟರಿ ಎಂಜಿನ್‌ನ ದಹನ ಕೋಣೆ ಉದ್ದ, ತೆಳು. ಹಾಗಾಗಿ ಅದು ಸ್ವಲ್ಪ ಹೊಟ್ಟೆಬಾಕ. ಪೂರ್ತಿ ಥ್ರಾಟಲ್‌ನಲ್ಲಿ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ 0.55 ಪೌಂಡ್, ಅಂದರೆ ಸುಮಾರು 250 ಗ್ರಾಂ ಪೆಟ್ರೋಲ್ ಎಂದು ಹಿಡಿದೆ. 180ಕ್ಕೆ 99 ಪೌಂಡ್ ಆಯಿತು. ಪೆಟ್ರೋಲ್ ಗ್ಯಾಲನ್ನಿಗೆ 6 ಪೌಂಡ್ ತೂಗುತ್ತದೆ, ಅಂದರೆ ಗಂಟೆಗೆ 16.5 ಗ್ಯಾಲನ್. ಇಂಜೆಕ್ಟರ್ ಭಾಷೆಯಲ್ಲಿ ಹೇಳುವುದಾದರೆ ನಿಮಿಷಕ್ಕೆ ಸುಮಾರು 1040 ಸಿಸಿ. ನಾಲ್ಕಕ್ಕೆ ಹಂಚಿದರೆ ತಲಾ 260.

ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. ನಾನೂ ಮಾಡಿದ್ದೆ. ಇಂಜೆಕ್ಟರನ್ನು 80 ಪರ್ಸೆಂಟ್‌ಗಿಂತ ಹೆಚ್ಚು ಹೊತ್ತು ತೆರೆದಿಡಬಾರದು ಎನ್ನುವ ವಾಡಿಕೆಯ ಲೆಕ್ಕ ಸೇರಿಸಿದರೆ 325 ಸಿಸಿ ಸಾಕು ಎಂದು ಬಂತು. ನನಗೆ ಅರ್ಥವಾಗದೇ ಇದ್ದದ್ದು ಸಮಯದ ವಿಷಯ.

ನಾಲ್ಕು ಸ್ಟ್ರೋಕಿನ ಪಿಸ್ಟನ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಗಾಳಿ ಎಳೆಯುವುದು ಶಾಫ್ಟ್ ಎರಡು ಸುತ್ತು ಸುತ್ತಿದಾಗ ಒಮ್ಮೆ. ರೋಟರಿಯಲ್ಲಿ ಪ್ರತಿ ರೋಟರ್ ಶಾಫ್ಟಿನ ಪ್ರತಿ ಸುತ್ತಿಗೂ ಒಮ್ಮೆ ಎಳೆಯುತ್ತದೆ. ಅಂದರೆ ಇಂಜೆಕ್ಟರಿಗೆ ಸಿಗುವ ಸಮಯ ಅರ್ಧಕ್ಕರ್ಧ ಕಡಿಮೆ. ನನ್ನ ಗೇರ್‌ಬಾಕ್ಸ್ 2.85ಕ್ಕೆ 1. ಟೇಕಾಫ್‌ನಲ್ಲಿ ಎಂಜಿನ್ 7500 ಸುತ್ತುತ್ತದೆ, ಪ್ರೊಪೆಲ್ಲರ್ 2630. ಆ ವೇಗದಲ್ಲಿ ಒಂದು ಸುತ್ತಿಗೆ ಬರೀ 8 ಮಿಲಿಸೆಕೆಂಡ್. ಅದರ 80 ಪರ್ಸೆಂಟ್ 6.4. ಇಂಜೆಕ್ಟರ್ ಅಪ್ಪಣೆ ಸಿಕ್ಕ ತಕ್ಷಣ ತೆರೆಯುವುದಿಲ್ಲ, ಒಳಗಿನ ಸೂಜಿ ಮೇಲೇಳಲು ಸ್ವಲ್ಪ ಹೊತ್ತು ಬೇಕು. ನನ್ನವು 14 ವೋಲ್ಟ್‌ನಲ್ಲಿ 0.9 ಮಿಲಿಸೆಕೆಂಡ್ ತಿನ್ನುತ್ತಿದ್ದವು. ಉಳಿದದ್ದು 5.5. ಅಂದರೆ 80 ಅಲ್ಲ, 69 ಪರ್ಸೆಂಟ್. ಬೇಕಾದದ್ದು 325 ಅಲ್ಲ, 380 ಸಿಸಿ.

ಹಾಗಾದರೆ 850 ಇನ್ನೂ ಒಳ್ಳೆಯದೇ ಅಲ್ವಾ? ಅಲ್ಲ. ಐಡ್ಲಿಂಗ್‌ನಲ್ಲಿ, 1800 ಆರ್‌ಪಿಎಂಗೆ, ನನ್ನ ಎಂಜಿನ್ ಕುಡಿಯುವುದು ಗಂಟೆಗೆ ಸುಮಾರು ಒಂದೂವರೆ ಗ್ಯಾಲನ್. ನಾಲ್ಕು 850 ಒಟ್ಟಿಗೆ ಹೊಡೆದರೆ ಪ್ರತಿಯೊಂದೂ ಒಂದು ಸುತ್ತಿಗೆ ತೆರೆದಿರಬೇಕಾದ್ದು 0.93 ಮಿಲಿಸೆಕೆಂಡ್. ತೆರೆಯೋಕೆ ಹಿಡಿಯುವ ಹೊತ್ತೂ ಅಷ್ಟೇ! ಒಳಲೆ ತುಂಬಿಸಲು ಬೋರ್‌ವೆಲ್ ಪೈಪ್ ಹಿಡಿದ ಹಾಗಾಯಿತು. ವೋಲ್ಟೇಜ್ ಸ್ವಲ್ಪ ಅಲುಗಾಡಿದರೂ ಗಾಳಿ-ಪೆಟ್ರೋಲ್ ಮಿಶ್ರಣ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಎರಡು ವಾರ ನನ್ನನ್ನು ಕಾಡಿದ್ದು ಇದೇ.

850 ತೆಗೆದು, ಟರ್ಬೋ ಇಲ್ಲದ ಎರಡನೇ ತಲೆಮಾರಿನ ಆರ್‌ಎಕ್ಸ್-7ನಲ್ಲಿ ಮಾಜ್ಡಾ ಹಾಕಿದ್ದಂಥ 460 ಸಿಸಿಯವನ್ನು ಹಾಕಿದೆ. ನಾಲ್ಕರಲ್ಲಿ ಎರಡು ಪ್ರೈಮರಿ, ಎರಡು ಸೆಕೆಂಡರಿ. ಕೆಳಗಿನ ವೇಗದಲ್ಲಿ ಪ್ರೈಮರಿ ಜೋಡಿ ಮಾತ್ರ ಹೊಡೆಯುತ್ತದೆ, ಮೇಲೆ ಹೋದಾಗ ಸೆಕೆಂಡರಿ ಸೇರಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ಈಗ 3.4 ಮಿಲಿಸೆಕೆಂಡ್ ಸಿಗುತ್ತದೆ. ಸೆಕೆಂಡರಿ ಸೇರುವ ಜಾಗದಲ್ಲಿ ಎಂಜಿನ್ ಒಮ್ಮೆ ಮುಗ್ಗರಿಸುತ್ತಿತ್ತು. ಆ ಜಾಗವನ್ನು ಲ್ಯಾಂಡಿಂಗ್‌ಗೆ ಇಳಿಯುವಾಗ ಬಳಸುವ ಪವರ್‌ನಿಂದ ದೂರ ಸರಿಸಿದೆ. ರನ್‌ವೇ ಹತ್ತಿರ ಬಂದಾಗ ಮುಗ್ಗರಿಸುವ ಎಂಜಿನ್ ಯಾರಿಗೆ ಬೇಕು?

460 ಸೆಟ್ ಕೊಟ್ಟವನು "ತೊಳೆದು ಪರೀಕ್ಷೆ ಮಾಡಿದ್ದು" ಎಂದಿದ್ದ. ಹಾಸನದ ಮಾವನಿಗೆ ಫೋನ್ ಮಾಡಿದಾಗ ಸುಮ್ನೆ ಈ ಮಾತು ಬಂತು. ಅವರು ಮೂವತ್ತು ವರ್ಷ ಟ್ರ್ಯಾಕ್ಟರ್ ಪಂಪ್, ನಾಝಲ್ ರಿಪೇರಿ ಮಾಡಿದವರು. "ಅವನು ಹೇಳಿದ, ನೀನು ನಂಬಿದೆ. ನಾಲ್ಕೂ ಒಂದೇ ಮಟ್ಟಕ್ಕೆ ತುಂಬ್ತಾವಾ ನೋಡಿದ್ಯೇನೋ?" ಅವರ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಗಾಜಿನ ಕೊಳವೆಗಳು ಕಣ್ಣ ಮುಂದೆ ಬಂದವು.

ಮಾರನೇ ದಿನವೇ ಹ್ಯಾಂಗರಿನ ಹೊರಗೆ ಮೇಜು ಹಾಕಿದೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ (ಫ್ಯೂಯಲ್ ರೈಲ್), ಪಂಪ್, 3 ಬಾರ್ ಒತ್ತಡ, ಕೆಳಗೆ ನಾಲ್ಕು ಅಳತೆ ಜಾಡಿ. ಪೆಟ್ರೋಲ್ ಬದಲು ಪೇಂಟ್ ತಿಳಿ ಮಾಡುವ ಮಿನರಲ್ ಸ್ಪಿರಿಟ್, ಬೆಂಕಿಯ ಭಯ ಕಡಿಮೆ. ಒಂದು ನಿಮಿಷ ಪೂರ್ತಿ ತೆರೆದು ಬಿಟ್ಟೆ. ಮೂರು ಸಮ, ಒಂದು 8 ಪರ್ಸೆಂಟ್ ಕಡಿಮೆ. ಪಿಸ್ಟನ್ ಎಂಜಿನ್ ಆದರೆ ನಾಲ್ಕರಲ್ಲಿ ಒಂದು ಸಿಲಿಂಡರ್ ಪೆಟ್ರೋಲ್ ಸಾಲದೆ ಒಣಗುತ್ತದೆ. ನನ್ನದರಲ್ಲಿ ಇರುವುದೇ ಎರಡು ರೋಟರ್. ಒಂದು ಒಣಗಿ ಡೆಟೊನೇಷನ್, ಅಂದರೆ ಮಿಶ್ರಣ ಒಮ್ಮೆಲೇ ಸಿಡಿಯುವುದು, ಶುರುವಾದರೆ ಮೊದಲು ಹೋಗುವುದು ರೋಟರಿನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್. ಆ ಇಂಜೆಕ್ಟರ್ ಬಿಚ್ಚಿದರೆ ಒಳಗಿನ ಪುಟ್ಟ ಜಾಲರಿಯಲ್ಲಿ ಕಂದು ಕಸ ಕೂತಿತ್ತು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಜಾಲರಿ ಬದಲಿಸಿದ ಮೇಲೆ ವ್ಯತ್ಯಾಸ 2 ಪರ್ಸೆಂಟ್‌ಗೆ ಇಳಿಯಿತು. ಮಾವನಿಗೆ ಫೋಟೋ ಕಳಿಸಿದೆ. "ಹೂಂ" ಎಂದು ಒಂದೇ ಉತ್ತರ.

ಅದೇ ಮೇಜಿನ ಮೇಲೆ ಬ್ಯಾಟರಿ ವೋಲ್ಟೇಜ್ ಇಳಿಸಿಯೂ ನೋಡಿದೆ. 11 ವೋಲ್ಟ್‌ಗೆ ಬಂದಾಗ ತೆರೆಯುವ ಹೊತ್ತು 0.9ರಿಂದ 1.5ಕ್ಕೆ ಏರಿತು. ಮೇಲೆ ಹಾರುವಾಗ ಆಲ್ಟರ್ನೇಟರ್ ಸತ್ತರೆ ಪೂರ್ತಿ ಪವರ್‌ನಲ್ಲಿ ಮಿಶ್ರಣ ಸುಮಾರು 13 ಪರ್ಸೆಂಟ್ ತೆಳುವಾಗುತ್ತದೆ ಎಂದಾಯಿತು. ಕಂಪ್ಯೂಟರಿನಲ್ಲಿ ವೋಲ್ಟೇಜ್ ತಿದ್ದುಪಡಿ ಇತ್ತು, ಆದರೆ ಅದು ಬೇರೆ ಯಾವುದೋ ಇಂಜೆಕ್ಟರಿನ ಅಂಕಿ. ನನ್ನ ಅಳತೆ ತುಂಬಿಸಿದೆ. ಕಾರಿನವರು ಇದನ್ನು ತಲೆಗೆ ಹಚ್ಚಿಕೊಳ್ಳದಿದ್ದರೂ ನಡೆಯುತ್ತದೆ, ರಸ್ತೆ ಬದಿಗೆ ನಿಲ್ಲಿಸಬಹುದು.

ಪೆಟ್ರೋಲ್ ಒತ್ತಡ ಕಾಯುವ ಪ್ರೆಶರ್ ರೆಗ್ಯುಲೇಟರಿನಿಂದ ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ಗೆ ಹೋಗುವ ಸಣ್ಣ ರಬ್ಬರ್ ಕೊಳವೆಗೆ ಕ್ಲಾಂಪ್ ಹಾಕಿ. ಅದು ಕಳಚಿದರೆ ಐಡ್ಲಿಂಗ್‌ನಲ್ಲಿ ಸುಮಾರು 10 ಪರ್ಸೆಂಟ್ ಹೆಚ್ಚು ಪೆಟ್ರೋಲ್ ಹೋಗುತ್ತದೆ, ನೀವು ಮತ್ತೆ ಟೇಬಲ್ ತಿದ್ದುತ್ತಾ ಕೂರುತ್ತೀರಿ. ಇನ್ನು 100 ಎಲ್‌ಎಲ್ ಏವಿಯೇಷನ್ ಪೆಟ್ರೋಲ್ ಹಾಕುವುದಾದರೆ ಹೊಗೆಯಲ್ಲಿ ಮಿಶ್ರಣ ಅಳೆಯುವ ಆಕ್ಸಿಜನ್ ಸೆನ್ಸರ್ ಬೇಗ ಹಾಳಾಗುತ್ತದೆ, ಆ ಪೆಟ್ರೋಲಿನಲ್ಲಿ ಸೀಸ ಇದೆ. ಟ್ಯೂನಿಂಗ್ ಮುಗಿಯುವವರೆಗೆ ನಾನು ಕಾರಿನ ಪೆಟ್ರೋಲನ್ನೇ ಹಾಕಿದೆ.

460 ಇಟ್ಟುಕೊಳ್ಳಲು ಇನ್ನೊಂದು ಕಾರಣವಿತ್ತು. ಎರಡು ಜೋಡಿಗೂ ಬೇರೆ ಬೇರೆ ಸ್ವಿಚ್, ಬೇರೆ ಬೇರೆ ಫ್ಯೂಸ್. ಒಂದು ಜೋಡಿ ಪೂರ್ತಿ ಕೈಕೊಟ್ಟರೂ ಉಳಿದ ಎರಡು ಕೊಡುವುದು ನಿಮಿಷಕ್ಕೆ ಸುಮಾರು 630 ಸಿಸಿ, ಅಂದರೆ 109 ಹಾರ್ಸ್‌ಪವರ್. ಆರ್‌ವಿ-7 ಅಷ್ಟರಲ್ಲಿ ಆರಾಮಾಗಿ ಹಾರುತ್ತದೆ. 380 ಹಾಕಿದ್ದರೆ 90 ಆಗುತ್ತಿತ್ತು. ಹಾರುತ್ತಿತ್ತೇನೋ, ಆದರೆ ಟೆಕ್ಸಾಸ್‌ನ ಆಗಸ್ಟ್ ಬಿಸಿಲಲ್ಲಿ, ಇಬ್ಬರು ಕೂತಾಗ, ಅದನ್ನು ಪರೀಕ್ಷಿಸುವ ಆಸೆ ನನಗಿಲ್ಲ.

ಪರೀಕ್ಷಾ ಹಾರಾಟದ ನಲವತ್ತು ಗಂಟೆಗಳಲ್ಲಿ ಹದಿನೇಳನೆಯದು. ಏರ್‌ಪೋರ್ಟ್ ಮೇಲೆಯೇ 5000 ಅಡಿಯಲ್ಲಿ ಸುತ್ತುತ್ತಾ ಸೆಕೆಂಡರಿ ಸ್ವಿಚ್ ಆಫ್ ಮಾಡಿದೆ. ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಪೆಟ್ರೋಲ್ ಹೆಚ್ಚಿಸಲು ಮಿಕ್ಸ್ಚರ್ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ, ಸದ್ದು ಮತ್ತೆ ಸಮವಾಯಿತು. ಎತ್ತರ ಇಳಿಯಲಿಲ್ಲ. ಕೆಳಗೆ ಬಂದವನೇ ಗುಂಡಿ ನಿಂತ ಜಾಗಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ಬಾಟಲಿ ಇನ್ನೂ ಹೆಂಡತಿಗೆ ವಾಪಸ್ ಕೊಟ್ಟಿಲ್ಲ.